ಸ್ಕೂಟರಿನ ಉಸಿರು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಹಿರಿಯರು ಮನೆಗೆ ಬಂದು ಹೇಳಿ ಹೋದಂದಿನಿಂದ ನಾವು ಅಣ್ಣತಮ್ಮಂದಿರಿಬ್ಬರೂ ಚಿಂತೆಗೆ ಬಿದ್ದಿದ್ದೆವು. ಶರಣರ ವಚನಗಳು, ಕೆರೆ ಕಟ್ಟಿಸಿದ ಸಿದ್ಧರಾಮರ ಕಾಯಕ, ಗಡಿನಾಡಿನ ಕನ್ನಡ ಶಾಲೆಗಳ ಇಂದಿನ ಸ್ಥಿತಿ ಮೊದಲಾದ ವಿಷಯಗಳನ್ನು ಕುರಿತು ಅಧಿಕಾರಯುತವಾಗಿ ಬರೆಯಬಲ್ಲವರು ನಮ್ಮ ಬಳಗದಲ್ಲಿ ಬೇಕಾದಷ್ಟು ಜನರಿದ್ದಾರೆ. ನಮಗೆ ತಿಳಿದಿರುವುದು ನಮ್ಮ ಕೈಗೆ ಮಸಿ ಹತ್ತಿಸಿದ ಸಂಗತಿಗಳು ಮಾತ್ರ. ಅವುಗಳಲ್ಲಿ ಒಂದನ್ನು, ಹೇಳಿಕೊಳ್ಳಲು ನಾಚಿಕೆಯಾಗುವಂಥದನ್ನು, ಇಲ್ಲಿ ನಿವೇದಿಸುತ್ತಿದ್ದೇವೆ.

ನಾವು ಸೊಲ್ಲಾಪುರದವರು. ನಮ್ಮಲ್ಲಿ ಹಿರಿಯನು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದು ಈಗ ನಿವೃತ್ತನಾಗಿದ್ದಾನೆ. ಕಿರಿಯನು ಅಕ್ಕಲಕೋಟ ರಸ್ತೆಯ ಚಾದರ ಕಾರಖಾನೆಯೊಂದರಲ್ಲಿ ಮಗ್ಗಗಳನ್ನು ನೋಡಿಕೊಳ್ಳುವ ಜಾಬರನು. ಒಂದೇ ಅಂಗಳ, ಎರಡು ಒಲೆ, ಒಬ್ಬ ಅವ್ವ, ಒಂದು ಸ್ಕೂಟರು ಎಂಬುದು ನಮ್ಮ ಸಂಸಾರದ ಲೆಕ್ಕ. ಈ ಬರಹವನ್ನು ಹಿರಿಯನು ಬರೆದಿದ್ದಾನೆ. ಯಂತ್ರದ ಮಾತು ಬಂದಲ್ಲೆಲ್ಲ ಕಿರಿಯನು ತಿದ್ದಿದ್ದಾನೆ. ಆದುದರಿಂದ ಇಲ್ಲಿ ಬರುವ 'ನಾವು' ಎಂಬುದು ಗೌರವದ ಬಹುವಚನವಲ್ಲ, ನಿಜವಾದ ಬಹುವಚನ.

ಮನೆಯಲ್ಲೇ ಗಾಡಿಯನ್ನು ಬಿಚ್ಚಿ ಜೋಡಿಸುವ ಚಟ ನಮಗೆ ಅಪ್ಪನಿಂದ ಬಂದದ್ದು. ಅಪ್ಪನ ಬಳಿ ಬಜಾಜ್ ಚೇತಕ್ ಇತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ದು ಕೊಂಡ ಗಾಡಿ. ಬೆಳಿಗ್ಗೆ ಅದು ಹಟ ಹಿಡಿದಾಗ ಅಪ್ಪ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುತ್ತಿದ್ದ ದೃಶ್ಯ ನಮ್ಮ ಓರಗೆಯವರೆಲ್ಲರಿಗೂ ನೆನಪಿದ್ದೀತು. ಅದು ಎರಡು ಸ್ಟ್ರೋಕಿನ ಎಂಜಿನ್ನು. ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆಯನ್ನು ಬೆರೆಸಿ ಟಾಕಿಗೆ ಹಾಕಬೇಕು. ಆ ಪೆಟ್ರೋಲು ಗಾಳಿಯೊಡನೆ ಕೂಡಿ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ, ಎಂದರೆ ಕ್ರ್ಯಾಂಕ್‌ಕೇಸಿಗೆ ಇಳಿದು, ಅಲ್ಲಿಂದ ಮೇಲೇರಿ ಉರಿಯುತ್ತದೆ. ಹೀಗೆ ಆ ಕೋಣೆಯೇ ಎಂಜಿನ್ನಿನ ಶ್ವಾಸಮಾರ್ಗವಾದ್ದರಿಂದ ಅದಕ್ಕೆ ಉಸಿರಾಡಲು ಬೇರೊಂದು ಕೊಳವೆಯ ಗೊಡವೆಯಿಲ್ಲ. ಹೊಗೆಯೇನೋ ಬೇಕಾದಷ್ಟು ಬರುತ್ತಿತ್ತು. ಆದರೆ ಆ ಎಂಜಿನ್ನಿನಲ್ಲಿ ಅಡಗಿಸಿಟ್ಟದ್ದು ಯಾವುದೂ ಇರಲಿಲ್ಲ. ನಾವು ಕಲಿತ ವಿದ್ಯೆಯೆಲ್ಲ ಆ ಗಾಡಿಯ ಮೇಲಿನದು. ನಮ್ಮ ತಪ್ಪಿನ ಬೇರೂ ಅಲ್ಲಿಯೇ ಇತ್ತು.

ಅಪ್ಪ ತೀರಿಕೊಂಡ ಮೇಲೆ, 2006ರಲ್ಲಿ, ನಾವಿಬ್ಬರೂ ಹಣ ಕೂಡಿಸಿ ನಾಲ್ಕು ಸ್ಟ್ರೋಕಿನ ಸ್ಕೂಟರೊಂದನ್ನು ಕೊಂಡೆವು. ಗೇರು ಬದಲಿಸುವ ಕೆಲಸವಿಲ್ಲ, ಎಣ್ಣೆ ಬೆರೆಸುವ ಕೆಲಸವಿಲ್ಲ. ಹಿರಿಯನು ಶಾಲೆಗೆ, ಕಿರಿಯನು ಕಾರಖಾನೆಗೆ, ಅವ್ವ ಸಿದ್ಧೇಶ್ವರನ ಗುಡಿಗೆ, ಎಲ್ಲರೂ ಅದರ ಮೇಲೆಯೇ. ಹನ್ನೊಂದು ವರ್ಷಗಳಲ್ಲಿ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿತು. ಸೊಲ್ಲಾಪುರದ ಬೇಸಿಗೆ, ಸೊಲ್ಲಾಪುರದ ಧೂಳು ಎಂಥವೆಂಬುದನ್ನು ಇಲ್ಲಿಯ ಓದುಗರಿಗೆ ಬಣ್ಣಿಸಬೇಕಾದ ಅವಶ್ಯಕತೆಯಿಲ್ಲ.

2017ರ ಬೇಸಿಗೆಯಲ್ಲಿ ಗಾಡಿ ಮುಗ್ಗರಿಸತೊಡಗಿತು. ಲೀಟರಿಗೆ ನಲವತ್ತೈದು ಕಿಲೋಮೀಟರ್ ಕೊಡುತ್ತಿದ್ದುದು ಮೂವತ್ತೈದಕ್ಕೆ ಇಳಿಯಿತು. ಗಾಳಿ ಸೋಸುವ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಒಳಗಿನ ಕಾಗದದ ಫಿಲ್ಟರು ಎಣ್ಣೆಯಲ್ಲಿ ನೆಂದು ಕರಿದ ಹಪ್ಪಳದಂತಾಗಿತ್ತು. ಪೆಟ್ಟಿಗೆಯ ತಳದಲ್ಲಿ ಜೋತುಬಿದ್ದಿರುವ ಪಾರದರ್ಶಕ ಕೊಳವೆಯಲ್ಲಿ ಕಂದು ಬಣ್ಣದ ನೀರೆಣ್ಣೆ ತುಂಬಿ ನಿಂತಿತ್ತು. ಎಣ್ಣೆ ಎಲ್ಲಿಂದ ಬರುತ್ತಿದೆಯೆಂದು ಬೆನ್ನಟ್ಟಿಕೊಂಡು ಹೋದಾಗ ಒಂದು ರಬ್ಬರಿನ ಕೊಳವೆ ಸಿಕ್ಕಿತು. ಅದರ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಗಾಳಿಪೆಟ್ಟಿಗೆಗೆ. ಗ್ಯಾರೇಜುಗಳಲ್ಲಿ ಅದಕ್ಕೆ ಬ್ರೀದರ್ ಪೈಪ್ ಎನ್ನುತ್ತಾರೆ. ಎಂಜಿನ್ನು ಉಸಿರು ಬಿಡುವ ಕೊಳವೆ ಅದು.

ಈ ಉಸಿರೆಂದರೇನು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ನಮ್ಮ ಅಪರಾಧದ ಪ್ರಮಾಣ ತಿಳಿಯಲಾರದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆ ಕ್ರ್ಯಾಂಕ್‌ಕೇಸಿನ ತಳದಲ್ಲಿ ನಿಂತಿರುತ್ತದೆ. ಮೇಲೆ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ಪಿಸ್ಟನ್ನಿಗೆ ಬಳೆ ತೊಡಿಸಿದಂತೆ ಉಂಗುರಗಳಿರುತ್ತವೆ; ಉರಿಯ ಅನಿಲವನ್ನು ಅವು ಮೇಲೆಯೇ ತಡೆಯುತ್ತವೆ. ಆದರೆ ಎಷ್ಟೇ ಹೊಸದಾಗಿದ್ದರೂ ಉಂಗುರ ನೂರಕ್ಕೆ ನೂರು ತಡೆಯಲಾರದು. ಸ್ವಲ್ಪ ಅನಿಲ ಸಂದಿಯಿಂದ ಕೆಳಗಿನ ಕೋಣೆಗೆ ನುಸುಳುತ್ತದೆ. ಅದರೊಡನೆ ನೀರಿನ ಆವಿಯೂ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು, ನಮಗೂ ಆಗಿತ್ತು. ಇದಲ್ಲದೆ ಪಿಸ್ಟನ್ನು ಕೆಳಗಿಳಿದಾಗಲೆಲ್ಲ ಕೋಣೆಯ ಗಾಳಿಯನ್ನು ಒತ್ತುತ್ತದೆ, ಮೇಲೇರಿದಾಗ ಸೆಳೆಯುತ್ತದೆ. ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಈ ಒತ್ತು–ಸೆಳೆತ ಸೆಕೆಂಡಿಗೆ ಎಂಬತ್ತು ಸಲಕ್ಕೂ ಮಿಗಿಲು. ಈ ಒತ್ತಡ ಹೊರಹೋಗಲು ದಾರಿಯಿಲ್ಲದಿದ್ದರೆ ಎಣ್ಣೆಯನ್ನು ತಡೆದು ನಿಲ್ಲಿಸಿರುವ ರಬ್ಬರಿನ ಸೀಲುಗಳೇ ಸೋಲುತ್ತವೆ. ಎಣ್ಣೆ ಪಕ್ಕದ ಬೆಲ್ಟಿನ ಮನೆಗೆ ನುಗ್ಗುತ್ತದೆ. ಬೆಲ್ಟು ಜಾರಿ ಗಾಡಿ ನಿಲ್ಲುತ್ತದೆ. ಆದ್ದರಿಂದಲೇ ಈ ಕೊಳವೆ.

ಕೊಳವೆಯ ಹೊರತುದಿಯನ್ನು ಬಯಲಿಗೆ ಬಿಡದೆ ಗಾಳಿಪೆಟ್ಟಿಗೆಗೆ ತಿರುಗಿಸಿರುವುದಕ್ಕೂ ಒಂದು ಇತಿಹಾಸವಿದೆ. ಹಿಂದಿನ ಕಾಲದ ಮೋಟಾರುಗಳಲ್ಲಿ ಈ ಹೊಲಸು ಉಸಿರನ್ನು ನೇರವಾಗಿ ರಸ್ತೆಯ ಮೇಲೆಯೇ ಬಿಡುತ್ತಿದ್ದರು. ಲಾಸ್ ಏಂಜಲಿಸ್ ನಗರದಲ್ಲಿ ಜನರ ಕಣ್ಣುರಿಸುವ ಮಬ್ಬು ಕವಿಯತೊಡಗಿದಾಗ ಅದರ ಕಾರಣಗಳನ್ನು ಹುಡುಕಿದರು. 1961ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಈ ಉಸಿರನ್ನು ಮರಳಿ ಎಂಜಿನ್ನಿಗೇ ಕೊಟ್ಟು ಸುಡುವ ಏರ್ಪಾಡನ್ನು ಕಡ್ಡಾಯ ಮಾಡಿತು. ವಾಹನಗಳ ಮಾಲಿನ್ಯವನ್ನು ತಡೆಯಲು ಆ ದೇಶದಲ್ಲಿ ಕಾನೂನು ವಿಧಿಸಿದ ಮೊದಲ ಉಪಾಯವೇ ಇದು. ನಮ್ಮ ಬಡ ಸ್ಕೂಟರಿನ ಗೇಣುದ್ದದ ರಬ್ಬರು ಆ ವಂಶದ ಕುಡಿ.

ಇದೊಂದನ್ನೂ ಆಗ ನಾವು ತಿಳಿದಿರಲಿಲ್ಲ. ನಮಗೆ ಕಂಡದ್ದು ಇಷ್ಟೇ: ಎಣ್ಣೆ ಈ ಕೊಳವೆಯಿಂದ ಬಂದು ಫಿಲ್ಟರನ್ನು ಕೆಡಿಸುತ್ತಿದೆ, ಕೊಳವೆಯನ್ನು ಅಲ್ಲಿಂದ ಕಿತ್ತರೆ ಫಿಲ್ಟರು ಉಳಿದೀತು. ಹಿರಿಯನು ಸೂಚಿಸಿದನು, ಕಿರಿಯನು ಕಿತ್ತನು. ಕೊಳವೆಯ ತುದಿಗೆ ಇನ್ನೊಂದು ತುಂಡನ್ನು ಸಿಕ್ಕಿಸಿ ಗಾಡಿಯ ಅಡಿಯಿಂದ ಹಿಂದಕ್ಕೆ ಇಳಿಬಿಟ್ಟೆವು. ಗಾಳಿಪೆಟ್ಟಿಗೆಯಲ್ಲಿ ಉಳಿದ ತೂತಿಗೆ ಅರಿವೆಯ ಬಿರಡೆ ಮಾಡಿ ತುರುಕಿದೆವು. ಅರ್ಧ ಗಂಟೆಯ ಕೆಲಸ, ಖರ್ಚು ಹನ್ನೆರಡು ರೂಪಾಯಿ. ಹೊಸ ಫಿಲ್ಟರು ಹಾಕಿದ ಮೇಲೆ ಗಾಡಿ ಕುದುರೆಯಂತೆ ಓಡಿತು. ಗ್ಯಾರೇಜಿನವರು ಕೇಳುವ ಸಾವಿರಾರು ರೂಪಾಯಿ ಉಳಿಸಿದೆವೆಂದು ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮಿಬ್ಬರ ಮಾತಿಗೆ ಮಿತಿಯಿರಲಿಲ್ಲ.

ಅವ್ವ ಮಾತ್ರ ಅಂಗಳದಲ್ಲಿ ಬಿದ್ದ ಹನಿಗಳನ್ನು ತೋರಿಸಿ ಎರಡು ಸಲ ಕೇಳಿದಳು: "ಏನ್ರೋ, ಗಾಡಿ ನಿಂತಲ್ಲಿ ಎಣ್ಣಿ ಬೀಳ್ತದಲ್ಲ?" ಅದು ಬೀಳಬೇಕಾದದ್ದೇ ಎಂದು ನಾವು ಆಕೆಗೆ ಸಮಾಧಾನ ಹೇಳಿದೆವು. ನಿಂತಾಗ ಹನಿ ನೆಲಕ್ಕೆ ಬೀಳುತ್ತದೆ, ಸರಿ. ಓಡುವಾಗ ಎಲ್ಲಿಗೆ ಬೀಳುತ್ತದೆಯೆಂದು ಇಬ್ಬರಲ್ಲಿ ಒಬ್ಬನೂ ಯೋಚಿಸಲಿಲ್ಲ.

ಶ್ರಾವಣದ ಪಂಚಮಿಗೆ ಅವ್ವನನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ತಪ್ಪದ ವಾಡಿಕೆ. ಆಕೆಗೆ ಆಗ ಎಪ್ಪತ್ತರ ಸಮೀಪ. ಅಕ್ಕಲಕೋಟದ ಆಚೆಯ ಹಳ್ಳಿಯಲ್ಲಿ ಮಾಮಾ ಇನ್ನೂ ಇದ್ದರು. ಹಿರಿಯನು ಉಂಡಿಯ ಡಬ್ಬಿ, ಬಟ್ಟೆಯ ಚೀಲ ಹಿಡಿದು ಮುಂಚಿನ ಬಸ್ಸಿಗೆ ಹೋದನು. ಕಿರಿಯನು ಅವ್ವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟನು. ಬೆಳಗಿನ ತುಂತುರು ಆಗಷ್ಟೇ ನಿಂತಿತ್ತು. ವಳಸಂಗದ ಹತ್ತಿರ ತಿರುವೊಂದರಲ್ಲಿ, ವೇಗ ಬಹಳವೇನೂ ಇಲ್ಲದಿದ್ದರೂ, ಹಿಂದಿನ ಗಾಲಿ ಹಾವಿನಂತೆ ಪಕ್ಕಕ್ಕೆ ಸರಿಯಿತು. ಗಾಡಿ ಮಲಗಿತು. ಕಿರಿಯನ ಮೊಣಕಾಲು ತರಚಿತು. ಅವ್ವ ಬಲಗೈ ಊರಿ ಬಿದ್ದಳು.

ದಾರಿಹೋಕರು ಎಬ್ಬಿಸಿದರು. ಯಾರೋ ಒಬ್ಬರು ಗಾಲಿಯನ್ನು ಮುಟ್ಟಿ ನೋಡಿ, "ಟೈರಿಗೆ ಎಣ್ಣಿ ಬಡದೈತಿ ನೋಡ್ರಿ" ಎಂದರು. ಕಿರಿಯನು ಬಗ್ಗಿ ನೋಡಿದನು. ನಾವು ಇಳಿಬಿಟ್ಟ ಕೊಳವೆಯ ತುದಿ ಸಡಿಲಾಗಿ ಟೈರಿನ ಅಂಚಿಗೆ ಸರಿದು, ಹನಿಹನಿಯಾಗಿ ಅದರ ಮೈಗೆ ಎಣ್ಣೆ ಸವರುತ್ತಿತ್ತು.

ಮುಂಗೈಯ ಎಲುಬು ಮುರಿದಿತ್ತು. ಆರು ವಾರ ಪಟ್ಟಿ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ಅವ್ವ. ಸೊಸೆಯಂದಿರಿಬ್ಬರೂ ಚೆನ್ನಾಗಿಯೇ ಬಡಿಯುತ್ತಾರೆ. ಆದರೆ ಬೆಳಗಿನ ಏಳಕ್ಕೆ ಅಂಗಳದಾಚೆಗೂ ಕೇಳಿಸುವ ಆ ಪಟಪಟ ಸದ್ದು ಅವ್ವನ ಕೈಯದು. ಆ ಸದ್ದು ನಿಂತ ಮೇಲೆ ಮನೆಯೊಳಗೆ ನಮ್ಮ ಸದ್ದೂ ನಿಂತಿತು. ನಿನ್ನ ಹೊಣೆಗೇಡಿ ಕೆಲಸದಿಂದ ಹೀಗಾಯಿತೆಂದು ಹಿರಿಯನು ಒಂದೇ ಒಂದು ಸಲ ಅಂದನು. ಹನ್ನೆರಡು ರೂಪಾಯಿಯಲ್ಲಿ ಮುಗಿಸೆಂದವನು ನೀನೇ ಎಂದು ಕಿರಿಯನು ಒಂದೇ ಒಂದು ಸಲ ಅಂದನು. ಎರಡೂ ನಿಜವಾದ ಮಾತುಗಳಾಗಿದ್ದುದರಿಂದ ಮುಂದೆ ಆಡಲು ಮಾತು ಉಳಿಯಲಿಲ್ಲ. ಇಪ್ಪತ್ತು ದಿನ ಒಂದೇ ಅಂಗಳದಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ಓಡಾಡಿದೆವು. ಸ್ಕೂಟರು ಗೋಡೆಗೆ ಆತುಕೊಂಡು ನಿಂತಿತ್ತು. ಹುಡುಗರು ಅದರ ಸೀಟಿನ ಮೇಲೆ ಪುಸ್ತಕ ಇಟ್ಟು ಓದತೊಡಗಿದರು.

ಆ ಬಿಗಿಯನ್ನು ಸಡಿಲಿಸಿದವಳೂ ಅವ್ವನೇ. ಒಂದು ಸಂಜೆ ಇಬ್ಬರನ್ನೂ ಕರೆದು ಕೂರಿಸಿ, ನಮ್ಮ ಜಗಳದ ಮಾತನ್ನೇ ಎತ್ತದೆ, "ಎಳ್ಳಮಾಸಿಗೆ ನಾ ತವರಿಗೆ ಹೋಗಬೇಕು. ಇದೇ ಗಾಡಿ ಮ್ಯಾಲೆ ಹೋಗಬೇಕು. ಅಷ್ಟರೊಳಗ ಅದನ್ನ ನೆಟ್ಟಗ ಮಾಡ್ರಿ," ಎಂದಳು. ಆಮೇಲೆ ಗಾಡಿಯತ್ತ ನೋಡಿ, "ಅದರ ಉಸರ ಹೊರಗ ಹೋದ್ರ ಹೊಲಸು ಅಂತೀರಿ, ಒಳಗ ಹೋದ್ರ ಫಿಲ್ಟರ ಕೆಡ್ತದ ಅಂತೀರಿ. ನಡುವ ಒಂದು ಸೋಸೋ ಅರಿಬಿ ಕಟ್ಟಲಿಕ್ಕ ಬರೂದಿಲ್ಲೇನು?" ಎಂದು ಕೇಳಿದಳು. ಅಷ್ಟು ದಿನ ನಾವಿಬ್ಬರೂ ತಲೆ ಕೆಡಿಸಿಕೊಂಡರೂ ಹೊಳೆಯದ ಮಾತು ಅದು.

ಎರಡನೆಯ ಪ್ರಯತ್ನ ಹೀಗೆ ಆರಂಭವಾಯಿತು. ಈ ಸಲ ಕಾಗದದ ಮೇಲೆ ಬರೆದುಕೊಂಡು ಮಾಡಿದೆವು. ಅರ್ಧ ಲೀಟರಿನ ಹಳೆಯ ಸ್ಟೀಲ್ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾರಖಾನೆಯ ಫಿಟ್ಟರರಿಂದ ಎರಡು ತೂತು ಕೊರೆಸಿ, ಹಿತ್ತಾಳೆಯ ಎರಡು ನಿಪ್ಪಲು ಕೂರಿಸಿದೆವು. ಪ್ಲಾಸ್ಟಿಕ್ ಬಾಟಲಿ ಎಂಜಿನ್ನಿನ ಕಾವಿಗೆ ಮೆತ್ತಗಾಗುತ್ತದೆಂದು ಅದನ್ನು ಬಿಟ್ಟೆವು. ಎಂಜಿನ್ನಿನಿಂದ ಬರುವ ಕೊಳವೆ ಬಾಟಲಿಯ ನಡುಮಟ್ಟದವರೆಗೆ ಇಳಿಯುತ್ತದೆ. ಗಾಳಿಪೆಟ್ಟಿಗೆಗೆ ಹೋಗುವ ಕೊಳವೆ ಮೇಲಿನಿಂದಲೇ ಹೊರಡುತ್ತದೆ. ಬಾಟಲಿಯೊಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆಯನ್ನು ಸುರುಳಿ ಸುತ್ತಿ ಇಟ್ಟೆವು. ಪಾತ್ರೆ ತಿಕ್ಕುವ ಜುಂಗನ್ನು ಇಡೋಣವೆಂದು ಹಿರಿಯನು ಅಂದಾಗ, ಅದರ ಪುಡಿ ಮುರಿದು ಎಂಜಿನ್ನಿನೊಳಕ್ಕೆ ಹೋದರೆ ಗತಿಯೇನೆಂದು ಕಿರಿಯನು ತಡೆದನು. ಇಪ್ಪತ್ತು ದಿನಗಳ ತರುವಾಯ ನಮ್ಮ ನಡುವೆ ನಡೆದ ಮೊದಲ ನಿಜವಾದ ಸಂಭಾಷಣೆ ಅದೇ ಆಗಿತ್ತು.

ಬಿಸಿ ಉಸಿರು ಬಾಟಲಿಗೆ ಬಂದು, ಜಾಳಿಗೆಯ ತಣ್ಣನೆಯ ಮೈಗೆ ತಾಗಿ, ಎಣ್ಣೆಯ ಮಂಜು ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಹಗುರಾದ ಗಾಳಿ ಮಾತ್ರ ಮರಳಿ ಗಾಳಿಪೆಟ್ಟಿಗೆಗೆ ಹೋಗಿ ಪೆಟ್ರೋಲಿನೊಡನೆ ಸುಟ್ಟುಹೋಗುತ್ತದೆ. ರಸ್ತೆಗೆ ಒಂದು ಹನಿಯೂ ಬೀಳದು. ಬಯಲಿಗೆ ಹೊಗೆಯೂ ಹೋಗದು. ಅರಿವೆಯ ಬಿರಡೆಯನ್ನು ಕಿತ್ತೆಸೆದೆವು. ಆ ಬಿರಡೆಯ ಸಂದಿಯಿಂದ ಇಷ್ಟು ದಿನ ಸೋಸದ ಧೂಳು ನೇರವಾಗಿ ಎಂಜಿನ್ನಿಗೆ ಹೋಗುತ್ತಿದ್ದಿತೆಂಬುದು ಅದರ ಬಣ್ಣ ನೋಡಿದಾಗ ಗೊತ್ತಾಯಿತು.

ಇಲ್ಲಿಯೂ ಒಂದು ತಪ್ಪು ನಡೆಯಿತು. ಕಣ್ಣಿಗೆ ಕಾಣಲೆಂದು ನೀರಿನ ಪಾರದರ್ಶಕ ಪೈಪನ್ನು ಬಳಸಿದ್ದೆವು. ಬಿಸಿ ಎಣ್ಣೆಗೆ ಅದು ತಿಂಗಳೊಪ್ಪತ್ತಿನಲ್ಲಿ ಹಳದಿಯಾಗಿ, ಸೆಟೆದು, ಬಾಗಿದ ಕಡೆ ಮಡಚಿಕೊಂಡು ಮುಚ್ಚಿತು. ಬೆಲ್ಟಿನ ಮನೆಯ ಅಂಚಿನಲ್ಲಿ ಎಣ್ಣೆಯ ಒದ್ದೆಗೆರೆಯೊಂದು ಮೂಡಿದ್ದನ್ನು ಕಿರಿಯನು ಸಕಾಲದಲ್ಲಿ ಕಂಡದ್ದರಿಂದ ಸೀಲು ಉಳಿಯಿತು. ಆಮೇಲೆ ಎಣ್ಣೆಗೆ ಜಗ್ಗದ ರಬ್ಬರಿನ ಕೊಳವೆಯನ್ನು ತಂದೆವು. ಒಳಗಿನ ಅಗಲ ಮೂಲ ಕೊಳವೆಗಿಂತ ಕಿರಿದಾಗಬಾರದು. ನಡುವೆ ಎಲ್ಲಿಯೂ ಜೋತುಬಿದ್ದು ನೀರು ನಿಲ್ಲುವ ತಗ್ಗು ಇರಬಾರದು. ಬಿಸಿ ಸೈಲೆನ್ಸರಿಗೆ ತಾಗಬಾರದು. ಗಾಲಿಯ ಹತ್ತಿರ ಸುಳಿಯಲೇಬಾರದು. ಈ ನಾಲ್ಕು ಮಾತುಗಳನ್ನು ಹಿರಿಯನು ಶಾಲೆಯ ಸುವಿಚಾರದಂತೆ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದನು.

ತಿಂಗಳ ಕೊನೆಗೆ ಬಾಟಲಿ ಬಿಚ್ಚಿದಾಗ ಅರ್ಧ ಚಹದ ಕಪ್ಪಿನಷ್ಟು ಎಣ್ಣೆ, ಅದರ ಮೇಲೆ ಬೆಣ್ಣೆಯಂಥ ಬಿಳಿ ನೊರೆ. ಅವ್ವ ನೋಡಿ, "ಮಜ್ಜಿಗಿ ಕಡದಂಗ ಆಗೇದಲ್ಲೋ" ಎಂದಳು. ಆಕೆ ಹೇಳಿದ್ದು ಉಪಮೆಯಲ್ಲ, ಅದೇ ಕ್ರಿಯೆ. ಹತ್ತಿರದ ಓಡಾಟದಲ್ಲಿ ಎಂಜಿನ್ನು ಸಾಕಷ್ಟು ಕಾಯುವುದಿಲ್ಲ. ನೀರಿನ ಆವಿ ಹಾರಿಹೋಗದೆ ಎಣ್ಣೆಯೊಡನೆ ಕಡೆಯಲ್ಪಟ್ಟು ಹೀಗೆ ನೊರೆಗಟ್ಟುತ್ತದೆ. ನಾವಂತೂ ಗೆದ್ದೆವೆಂದು ಬೀಗಿದೆವು. ಬಾಟಲಿಯನ್ನು ನಮ್ಮ ಓಣಿಯ ಹಳೆಯ ಮಿಸ್ತ್ರಿಯವರಿಗೆ ತೋರಿಸಲು ಒಯ್ದೆವು.

ಅವರ ಗ್ಯಾರೇಜಿನಲ್ಲಿ ನಾಲ್ಕು ಭಾಷೆಗಳು ಒಂದೇ ಡಬ್ಬಿಯಲ್ಲಿಟ್ಟ ಪಾನಾಗಳಂತೆ ಕೂಡಿಕೊಂಡಿರುತ್ತವೆ. ಗಿರಾಕಿಯೊಡನೆ ಮರಾಠಿ, ಹುಡುಗರೊಡನೆ ತೆಲುಗು, ಅಂಗಡಿಯವರೊಡನೆ ಹಿಂದಿ, ನಮ್ಮೊಡನೆ ಕನ್ನಡ. ಬಾಟಲಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಕೆಲಸವನ್ನು ಮನಸಾರೆ ಮೆಚ್ಚಿದರು. ಆಮೇಲೆ, "ಮಾಸ್ತರ್ರ, ಸೋರೋ ಮಾಳಗಿ ಕೆಳಗ ಕೊಡ ಇಟ್ಟೀರಿ. ಕೊಡ ಭಾಳ ಛಲೋ ಐತಿ. ಆದ್ರ ಮಾಳಗಿ?" ಎಂದರು.

ಅವರು ಗಾಡಿಯನ್ನು ಚಾಲೂ ಮಾಡಿ, ನಿಂತಲ್ಲೇ ಮೆಲ್ಲಗೆ ತಿರುಗಬಿಟ್ಟು, ಎಣ್ಣೆಯ ಮುಚ್ಚಳ ತೆಗೆದು, ತೂತಿನ ಮೇಲೆ ಅಂಗೈ ಹಿಡಿಯಹೇಳಿದರು. ಸರಿಯಿರುವ ಎಂಜಿನ್ನು ಅಂಗೈಯನ್ನು ಒಮ್ಮೆ ದಬ್ಬಿ ಒಮ್ಮೆ ಸೆಳೆಯುತ್ತದೆ, ಉಸಿರಾಟವೆಂದರೆ ಹಾಗೆ. ನಮ್ಮದು ದಬ್ಬುತ್ತಲೇ ಇತ್ತು. ಬೆರಳ ಸಂದಿಯಿಂದ ನೀಲಿ ಹೊಗೆ ಹೊರಟಿತು. ಉಂಗುರಗಳು ಸವೆದಿದ್ದವು. ಕಾರಣಗಳನ್ನು ಅವರು ಒಂದೊಂದಾಗಿ ನಮ್ಮ ಬಾಯಿಂದಲೇ ಹೊರಡಿಸಿದರು. ಬದಲಿಸಬೇಕಾದ ಫಿಲ್ಟರಿಗೆ ನಾವು ಗಾಳಿ ಹೊಡೆಸಿ, ಜಾಡಿಸಿ, ಮತ್ತೆ ಅದನ್ನೇ ಹಾಕುತ್ತಿದ್ದೆವು. ಅದರ ಹರಕಿನಿಂದ ಧೂಳು ಒಳಹೋಗಿ ಉಂಗುರವನ್ನು ಅರದಂತೆ ಉಜ್ಜಿತ್ತು. ಅರಿವೆಯ ಬಿರಡೆ ಅದಕ್ಕೆ ಇನ್ನಷ್ಟು ನೆರವಾಗಿತ್ತು. ಎಣ್ಣೆ ಬದಲಿಸುವಾಗ ಆ ಎಂಜಿನ್ನಿಗೆ ಬೇಕಾದದ್ದು ಏಳುನೂರು ಮಿಲಿಲೀಟರ್. ಆದರೆ ಬಾಟಲಿಯಲ್ಲಿ ಉಳಿಸಿದರೆ ವ್ಯರ್ಥವೆಂದು ನಾವು ವರ್ಷಗಳಿಂದ ಪೂರ್ತಿ ಒಂದು ಲೀಟರನ್ನು ಸುರಿಯುತ್ತ ಬಂದಿದ್ದೆವು. ಹೆಚ್ಚಾದ ಎಣ್ಣೆಯನ್ನು ಎಂಜಿನ್ನು ತನ್ನ ಉಸಿರಿನೊಡನೆ ಕಕ್ಕುತ್ತಿತ್ತು. ಅಳತೆಗೋಲು ಗಾಡಿಯಲ್ಲಿಯೇ ಇತ್ತು. ಅದನ್ನು ಎಳೆದು ನೋಡುವ ಅಭ್ಯಾಸ ನಮಗಿರಲಿಲ್ಲ, ಏಕೆಂದರೆ ಅಪ್ಪನ ಚೇತಕ್ಕಿನಲ್ಲಿ ಅದರ ಅವಶ್ಯಕತೆ ಬೀಳುತ್ತಿರಲಿಲ್ಲ.

ಉಳಿತಾಯವೆಂದು ತಿಳಿದು ಮಾಡಿದ್ದೆಲ್ಲ ಹೀಗೆ ಒಂದೊಂದಾಗಿ ನಷ್ಟದ ಪುಟಕ್ಕೆ ಸೇರಿತು. ಎಣ್ಣೆ ಹೊರಬಂದದ್ದು ಕೊಳವೆಯ ದೋಷವಲ್ಲ. ಒಳಗೇನೋ ಸವೆಯುತ್ತಿದೆಯೆಂದು ಕೊಳವೆ ನಮಗೆ ತಿಂಗಳುಗಟ್ಟಲೆ ಹೇಳುತ್ತಿತ್ತು. ಹೇಳಿದ ಬಾಯಿಯನ್ನೇ ನಾವು ಬೇರೆಡೆಗೆ ತಿರುಗಿಸಿದೆವು. ಅದರ ಬೆಲೆಯನ್ನು ಅವ್ವನ ಕೈ ತೆತ್ತಿತು.

ದೀಪಾವಳಿಯ ಬೋನಸ್ಸು ಮತ್ತು ಹಿರಿಯನ ಸಂಬಳದ ಒಂದು ಭಾಗ ಕೂಡಿಸಿ ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ನು, ಹೊಸ ಉಂಗುರ ಹಾಕಿಸಿದೆವು. ಎಣ್ಣೆಯನ್ನು ಅಳೆದು ಹಾಕಿದೆವು. ನಮ್ಮ ಬಾಟಲಿಯನ್ನು ಪರೀಕ್ಷೆಗೆಂದು ಮತ್ತೊಂದು ತಿಂಗಳು ಹಾಗೆಯೇ ಬಿಟ್ಟೆವು. ತಿಂಗಳ ನಂತರ ತೆರೆದಾಗ ತಳದಲ್ಲಿ ಅರ್ಧ ಚಮಚವೂ ಇರಲಿಲ್ಲ. ಅದನ್ನು ಬಿಚ್ಚಿ, ಕಂಪನಿಯವರು ಮೊದಲು ಕೊಟ್ಟಂಥದೇ ಹೊಸ ಕೊಳವೆಯೊಂದನ್ನು ತಂದು, ಅದು ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಜೋಡಿಸಿದೆವು. ಅಷ್ಟೊಂದು ಆಸ್ಥೆಯಿಂದ ಮಾಡಿದ ಬಾಟಲಿ ಹೀಗೆ ನಿರುದ್ಯೋಗಿಯಾಯಿತು. ಕಿರಿಯನಿಗೆ ಕೊಂಚ ವ್ಯಥೆಯಾದದ್ದು ಸುಳ್ಳಲ್ಲ. ತಾನು ಬೇಡವಾಗುವಂತೆ ಮಾಡುವುದೇ ಒಳ್ಳೆಯ ಊರುಗೋಲಿನ ಗುಣವೆಂದು ಹಿರಿಯನು ಹೇಳಿದ್ದಕ್ಕೆ ಅವನು, "ಪಾಠ ಸಾಕು, ಅಣ್ಣಾ" ಎಂದನು.

ಈ ಕೆಲಸಕ್ಕೆ ಕೈ ಹಾಕಬೇಕೆನ್ನುವ ತರುಣರು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರಿಗೆ ಬೇಡವೆಂದು ಹೇಳುವ ಮನಸ್ಸು ನಮಗಿಲ್ಲ. ಕೈಯಿಂದ ಮಾಡದೆ ನಾವೂ ಕಲಿಯುತ್ತಿರಲಿಲ್ಲ. ಮೊದಲು ಅಳತೆಗೋಲು ನೋಡಿರಿ, ಫಿಲ್ಟರು ನೋಡಿರಿ, ಅಂಗೈ ಹಿಡಿದು ಉಸಿರು ನೋಡಿರಿ. ಆಮೇಲೂ ಬಾಟಲಿ ಬೇಕೆನಿಸಿದರೆ ಅದರ ಎರಡನೆಯ ಬಾಯಿ ಗಾಳಿಪೆಟ್ಟಿಗೆಗೇ ಮರಳುವಂತಿರಲಿ. 2020ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಸ್ಟೇಜ್ 6ರ ಗಾಡಿಗಳನ್ನಂತೂ ಮುಟ್ಟಲೇಬೇಡಿರಿ. ಅವುಗಳ ಗಾಳಿ, ಇಂಧನ, ಹೊಗೆ ಮೂರನ್ನೂ ಸಂವೇದಕಗಳು ಕಾಯುತ್ತಿರುತ್ತವೆ. ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿನ ಪೀಪಾಯಿಗೆ ಕೊಡಿರಿ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ಆ ಇಪ್ಪತ್ತು ದಿನಗಳನ್ನು ನೆನೆದಾಗಲೆಲ್ಲ ನಮಗೆ ಭಯವಾಗುತ್ತದೆ. ಒಂದೇ ಸೂರಿನಡಿ ಬಾಳುವವರಲ್ಲಿ ಸವೆತ ಇದ್ದದ್ದೇ, ಸವೆದಲ್ಲಿ ಬಿಸಿ ನುಸುಳುವುದೂ ಇದ್ದದ್ದೇ. ಅದನ್ನು ಬಾಯಿಗೆ ಬಿರಡೆಯಿಟ್ಟು ತಡೆದೆವು. ಇನ್ನೇನು ಬೀದಿಗೆ ಬಿಡುವವರಿದ್ದೆವು. ಅವ್ವ ಇಬ್ಬರನ್ನೂ ಒಂದೇ ಗಾಡಿಯ ಎರಡು ಮಗ್ಗುಲಲ್ಲಿ ಕೂರಿಸಿದ್ದರಿಂದ ಉಳಿದುಕೊಂಡೆವು. ವರ್ಷಕ್ಕೊಮ್ಮೆ ಸಂಘದ ಸಮ್ಮೇಳನದಲ್ಲಿ ಹಿರಿಯರು ಜಗಳಾಡುವುದನ್ನು, ಜಗಳಾಡಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ನೋಡಿದಾಗ ನಮಗೆ ಇದೇ ನೆನಪಾಗುತ್ತದೆ.

ಎಳ್ಳಮಾಸಿಯ ದಿನ ಅವ್ವ ಹೇಳಿದಂತೆಯೇ ಹೊರಟಳು. ಕಿರಿಯನು ಓಡಿಸಿದನು, ಹಿರಿಯನು ನೆರೆಯವರ ಮೋಟಾರ್‌ಸೈಕಲ್ ಕೇಳಿ ಪಡೆದು ಹಿಂದೆಯೇ ಹೋದನು. ವಳಸಂಗದ ತಿರುವಿನಲ್ಲಿ ಅವ್ವ ಭುಜ ತಟ್ಟಿ ಗಾಡಿ ನಿಲ್ಲಿಸಿದಳು. ಇಳಿದು, ಬಗ್ಗಿ, ಆಗಷ್ಟೇ ಕೂಡಿಕೊಂಡ ಬಲಗೈಯಿಂದ ಹಿಂದಿನ ಟೈರನ್ನು ಸವರಿ ನೋಡಿದಳು. ಅಂಗೈಯನ್ನು ನಮಗೂ ತೋರಿಸಿದಳು. ಕಪ್ಪು ಮಣ್ಣಿನ ಒಣ ಧೂಳು ಮಾತ್ರ ಹತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು, "ನಡೀರಿನ್ನ, ಸಜ್ಜಿ ರೊಟ್ಟಿ ಆರತಾವು," ಎಂದು ಮತ್ತೆ ಹತ್ತಿ ಕುಳಿತಳು.